ಮರಿ ಮರಳಿಸುವ ಬ್ಯಾಂಕು



ಕೊಟ್ಟಿಗೆಯಲ್ಲಿ ಕಟ್ಟಿದ ದನ ವಿಷ ತಿಂದು ಸತ್ತರೆ ಆ ಮನೆಯ ಗತಿ ಏನಾಗುತ್ತದೆಂದು ನಿಮಗೆ ವಿವರಿಸಬೇಕಿಲ್ಲ. ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕಪ್ಪು ಜನಾಂಗದ ಒಂದು ರೈತ ಕುಟುಂಬಕ್ಕೆ ಹೀಗೇ ಆಯಿತು. ಬೇರೆಯವರ ಹತ್ತಿ ಹೊಲವನ್ನು ಪಾಲಿಗೆ ಮಾಡುತ್ತಾ, ಕಾಸಿಗೆ ಕಾಸು ಕೂಡಿಸಿ ಅವರು ಹೇಸರಗತ್ತೆಗಳನ್ನೂ ಹಸುಗಳನ್ನೂ ಕೊಂಡಿದ್ದರು. ಅದನ್ನು ಸಹಿಸದ ಬಿಳಿಯನೊಬ್ಬ ಮೇವಿಗೆ ವಿಷ ಬೆರೆಸಿದ. ಆ ಕುಟುಂಬ ಮತ್ತೆ ಚೇತರಿಸಿಕೊಳ್ಳಲೇ ಇಲ್ಲ ಎಂದು ಆ ಮನೆಯ 20 ಮಕ್ಕಳಲ್ಲಿ ಕೊನೆಯವರಾದ ಫ್ಯಾನಿ ಲೂ ಹ್ಯಾಮರ್ ಮುಂದೆ ನೆನಪಿಸಿಕೊಂಡಿದ್ದಾರೆ.

1962ರಲ್ಲಿ ಹ್ಯಾಮರ್ ಮತದಾರರ ಪಟ್ಟಿಗೆ ಹೆಸರು ಸೇರಿಸಲು ಹೋದರು. 18 ವರ್ಷ ದುಡಿಸಿಕೊಂಡಿದ್ದ ಜಮೀನಿನ ಮಾಲೀಕ ಅಂದೇ ಅವರನ್ನು ಮನೆಯಿಂದ ಹೊರಹಾಕಿದ. 1965ರಲ್ಲಿ ಮತದಾನದ ಹಕ್ಕನ್ನು ಕಾಪಾಡುವ ಕಾನೂನು ಬಂತು. ಆದರೆ ಇರುವ ಮನೆ, ದುಡಿಯುವ ಹೊಲ, ಉಣ್ಣುವ ತುತ್ತು ಎಲ್ಲವೂ ಮಾಲೀಕನ ಕೈಯಲ್ಲಿದ್ದರೆ ಬಡವ ಧೈರ್ಯವಾಗಿ ಮತ ಹಾಕುವುದು ಹೇಗೆ? ಹತ್ತಿ ಬಿಡಿಸುವ ಯಂತ್ರಗಳು ಬಂದ ಮೇಲಂತೂ ಸಾವಿರಾರು ಕೂಲಿಗಳಿಗೆ ಕೆಲಸವೂ ಇಲ್ಲವಾಯಿತು.

ಇದಕ್ಕೆ ಹ್ಯಾಮರ್ ಕಂಡುಕೊಂಡ ದಾರಿ ಸಹಕಾರ. 1969ರಲ್ಲಿ ಸನ್‌ಫ್ಲವರ್ ಕೌಂಟಿಯಲ್ಲಿ 40 ಎಕರೆ ಕೊಂಡು 'ಫ್ರೀಡಮ್ ಫಾರ್ಮ್' ಎಂಬ ಸಹಕಾರಿ ಬೇಸಾಯ ಆರಂಭಿಸಿದರು. ಅವರೆ, ಬೆಂಡೆ, ಸಿಹಿಗೆಣಸು, ಸೊಪ್ಪು ಬೆಳೆದು ಬಡ ಕುಟುಂಬಗಳಿಗೆ ಹಂಚಿದರು. ಜಮೀನಿನ ಸಾಲ ತೀರಿಸಲು ಹತ್ತಿ, ಸೋಯಾ ಬೆಳೆದರು. ಸದಸ್ಯತ್ವದ ಶುಲ್ಕ ತಿಂಗಳಿಗೆ ಒಂದು ಡಾಲರ್. ಅದನ್ನೂ ಕೊಡಲಾಗದವರೇ ಹೆಚ್ಚಿದ್ದರು. ಆದರೂ ಕೆಲವೇ ವರ್ಷಗಳಲ್ಲಿ ಜಮೀನು 600 ಎಕರೆ ದಾಟಿತು.

ಇದರ ಜೊತೆಗೆ ನಡೆದದ್ದು 'ಹಂದಿ ಬ್ಯಾಂಕು'. ಕಪ್ಪು ಮಹಿಳೆಯರ ರಾಷ್ಟ್ರೀಯ ಸಂಘಟನೆಯೊಂದು ಕೊಟ್ಟ ಕೆಲವು ಹತ್ತು ಹಂದಿಗಳೇ ಬ್ಯಾಂಕಿನ ಮೂಲ ಬಂಡವಾಳ. ಬಡ ಕುಟುಂಬವೊಂದು ಹೆಣ್ಣು ಹಂದಿಯನ್ನು ಒಯ್ದು ಸಾಕಬೇಕು. ಹುಟ್ಟಿದ ಮರಿಗಳಲ್ಲಿ ಕೆಲವನ್ನು ಇನ್ನೊಂದು ಬಡ ಮನೆಗಾಗಿ ಮರಳಿಸಬೇಕು. ಉಳಿದವು ಆ ಕುಟುಂಬದ್ದೇ. ಬಡ್ಡಿಯಿಲ್ಲ, ಅಡವಿಲ್ಲ. ಇಂದು ಪಡೆದವರೇ ನಾಳೆ ಕೊಡುವವರಾಗುತ್ತಿದ್ದರು.

ಫ್ರೀಡಮ್ ಫಾರ್ಮ್ ಹೆಚ್ಚು ಕಾಲ ಉಳಿಯಲಿಲ್ಲ. ದೇಣಿಗೆ ಕಡಿಮೆಯಾಯಿತು, ಹವಾಮಾನ ಕೈಕೊಟ್ಟಿತು, ಸಾಲ ಬೆಳೆಯಿತು, ಹ್ಯಾಮರ್ ಅವರ ಆರೋಗ್ಯವೂ ಕೆಟ್ಟಿತು. 1970ರ ದಶಕದ ಮಧ್ಯದಲ್ಲಿ ಜಮೀನು ಕೈತಪ್ಪಿತು. 1977ರಲ್ಲಿ ಅವರು ತೀರಿಕೊಂಡರು. ಆದರೆ 1967ರಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಕಪ್ಪು ರೈತರ ಸಹಕಾರ ಸಂಘಗಳು ಸೇರಿ ಕಟ್ಟಿಕೊಂಡ ಒಕ್ಕೂಟ ಇಂದಿಗೂ ಕೆಲಸ ಮಾಡುತ್ತಿದೆ. ಒಂಟಿ ಸಂಘಕ್ಕೆ ಒಕ್ಕೂಟದ ಆಸರೆ ಏಕೆ ಬೇಕೆಂಬುದು ಇದರಿಂದ ತಿಳಿಯುತ್ತದೆ. ದೇಣಿಗೆ ಇಂದು ಬಂದು ನಾಳೆ ನಿಲ್ಲಬಹುದು. ಸದಸ್ಯರ ಬಂಡವಾಳ ಮತ್ತು ಸರಿಯಾದ ಲೆಕ್ಕಪತ್ರ ಸಂಘವನ್ನು ಉಳಿಸುತ್ತವೆ.

ನಮ್ಮ ಸಂಘಗಳಲ್ಲಿ ಹಾಲಿಗೆ ಬೆಲೆ ಕಟ್ಟುವುದು ಜಿಡ್ಡು, ಎಸ್‌ಎನ್‌ಎಫ್ ನೋಡಿ. ತಂದವರ ಜಾತಿ ನೋಡಿ ಅಲ್ಲ. ಇದು ಸಣ್ಣ ಸಂಗತಿಯಲ್ಲ. ಆದರೆ ಹಾಲು ಹಾಕಲು ಮೊದಲು ಮನೆಯಲ್ಲಿ ಹಸು ಇರಬೇಕು. ನಿಮ್ಮ ಊರಿನಲ್ಲಿ ಹಾಲಿನ ಕ್ಯಾನಿನವರೆಗೆ ಬರಲಾಗದ ಮನೆಗಳು ಎಷ್ಟಿವೆ? ಭೂಮಿಯಿಲ್ಲದವರು, ಒಂಟಿ ಮಹಿಳೆಯರು, ಊರಾಚೆಯ ಕೇರಿಯವರು ಅವರಲ್ಲಿ ಎಷ್ಟು ಮಂದಿ? ಮುಂದಿನ ಸರ್ವ ಸದಸ್ಯರ ಸಭೆಯಲ್ಲಿ ಈ ಲೆಕ್ಕ ಹಾಕಿ. ಅಂಥ ಒಂದು ಮನೆಗೆ ಒಂದು ಕಡಸು ಕೊಟ್ಟು, ಅದರ ಮೊದಲ ಹೆಣ್ಣು ಕರುವನ್ನು ಇನ್ನೊಂದು ಮನೆಗೆ ದಾಟಿಸುವ ಒಪ್ಪಂದ ಮಾಡಿಕೊಳ್ಳಬಹುದೇ ಎಂದು ಚರ್ಚಿಸಿ. ಮೇವು, ವಿಮೆ, ಪಶುವೈದ್ಯರ ಸೇವೆಯನ್ನೂ ಅದರೊಂದಿಗೇ ಯೋಚಿಸಿ. ಶುರು ಮಾಡಲು ಒಂದು ಕಡಸು ಸಾಕು.