ಖಾಲಿ ಕ್ರೀಮಿನ ಕರಾಮತ್ತು

ಗಾಂಜಾ ಗಿಡದಲ್ಲಿ ಮತ್ತೇರಿಸುವ ಅಂಶ ಟಿಎಚ್‌ಸಿ. ಅದರ ಮಗ್ಗುಲಲ್ಲೇ ಇದ್ದೂ ಅಮಲು ತರದ ಇನ್ನೊಂದು ಅಂಶ ಕ್ಯಾನಬಿಡಿಯಾಲ್, ಚಿಕ್ಕದಾಗಿ ಸಿಬಿಡಿ. ಅಮೆರಿಕದ ರೋಜರ್ ಆಡಮ್ಸ್ 1940ರಲ್ಲೇ ಇದನ್ನು ಬೇರ್ಪಡಿಸಿದ್ದರು. ಇಸ್ರೇಲಿನ ರಫಾಯೆಲ್ ಮೆಶೂಲಮ್ 1963ರಲ್ಲಿ ಇದರ ರಚನೆಯನ್ನು ಬಿಡಿಸಿ ತೋರಿಸಿದರು. ಆದರೆ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿಗೆ ಇದು ಬಂದು ಸೇರಿದ್ದು ತೀರಾ ಈಚೆಗೆ. ಅದಕ್ಕೆ ದಾರಿ ತೆರೆದದ್ದು ಹಂಗೇರಿಯ ಡೆಬ್ರೆಟ್ಸೆನ್ ವಿಶ್ವವಿದ್ಯಾಲಯದ ಒಂದು ಪ್ರಯೋಗ.

ಅಲ್ಲಿ ಅಟಿಲಾ ಓಲಾ, ತಮಾಶ್ ಬಿರೊ ಮತ್ತು ಸಂಗಡಿಗರು ಮನುಷ್ಯರ ಚರ್ಮದ ಜಿಡ್ಡುಗ್ರಂಥಿಯ ಕೋಶಗಳನ್ನು ಬೆಳೆಸಿ, ಜಿಡ್ಡು ಉಕ್ಕುವಂತೆ ಕೆರಳಿಸಿ, ಮೇಲೆ ಸಿಬಿಡಿ ಹಾಕಿ ನೋಡಿದರು. ಜಿಡ್ಡು ಇಳಿಯಿತು, ಉರಿಯೂತ ತಗ್ಗಿತು, ಕೋಶಗಳು ಹೆಚ್ಚುವ ವೇಗವೂ ಕುಂದಿತು. ಮೊಡವೆಗೆ ಬೇಕಾದ ಮೂರೂ ಗುಣ ಒಂದೇ ವಸ್ತುವಿನಲ್ಲಿ! 2014ರಲ್ಲಿ ಪ್ರಬಂಧ ಅಚ್ಚಾದದ್ದೇ ತಡ, ಸೌಂದರ್ಯವರ್ಧಕ ಕಂಪನಿಗಳ ಕಿವಿ ನಿಮಿರಿತು.

ತಟ್ಟೆಯಲ್ಲಿನ ಕೋಶಕ್ಕೆ ಔಷಧಿ ನೇರವಾಗಿ ತಾಗುತ್ತದೆ. ಕೆನ್ನೆಯ ಮೇಲೆ ಹಾಗಲ್ಲ, ಮೊದಲು ಚರ್ಮದ ಸತ್ತ ಮೇಲ್ಪದರವನ್ನು ದಾಟಬೇಕು. ಅಣುವಿನ ತೂಕ 500 ಡಾಲ್ಟನ್ ಒಳಗಿದ್ದರೆ ದಾಟೀತು ಎಂಬುದು ರೂಢಿಯ ಲೆಕ್ಕ. ಸಿಬಿಡಿಯದು 314, ತೂಕದಲ್ಲಿ ಪಾಸು. ಆದರೆ ಅದಕ್ಕೆ ಕೊಬ್ಬಿನ ನಂಟು ವಿಪರೀತ. ಮೇಲ್ಪದರದ ಕೊಬ್ಬಿನಲ್ಲೇ ಬೇರೂರಿ ಕೂತುಬಿಡುತ್ತದೆ, ನೀರಿನಂಶವಿರುವ ಒಳಪದರಕ್ಕೆ ಇಳಿಯಲು ಒಲ್ಲೆ ಎನ್ನುತ್ತದೆ. ಇದನ್ನು ಅಳೆಯಲು ಎರಡು ಗಾಜಿನ ಬಟ್ಟಲುಗಳ ನಡುವೆ ಚರ್ಮದ ತುಂಡನ್ನು ಬಿಗಿದು, ಮೇಲೆ ಕ್ರೀಮು ಸವರಿ, ಕೆಳಗಿನ ದ್ರವಕ್ಕೆ ಎಷ್ಟು ಇಳಿಯಿತೆಂದು ಆಗಾಗ ತೆಗೆದು ನೋಡುತ್ತಾರೆ. ಜಿಡ್ಡು ನಿಜಕ್ಕೂ ಇಳಿಯಿತೇ ಎಂದು ತಿಳಿಯಲು ಸೆಬುಮೀಟರ್ ಇದೆ. ಮಂಕಾದ ಟೇಪೊಂದನ್ನು ಹಣೆಗೆ 30 ಸೆಕೆಂಡ್ ಒತ್ತಿ ಹಿಡಿದರೆ ಬೋಂಡಾ ಕಟ್ಟಿದ ಕಾಗದದ ಹಾಗೆ ಅದು ಎಣ್ಣೆ ಹೀರಿ ತಿಳಿಯಾಗುತ್ತದೆ. ಎಷ್ಟು ಬೆಳಕು ಹಾಯಿತೋ ಅಷ್ಟು ಜಿಡ್ಡು.

ಇವೆಲ್ಲ ಆದ ಮೇಲೂ ಉಳಿಯುವ ಪ್ರಶ್ನೆ ಒಂದೇ: ಮೊಡವೆ ಹೋಯಿತೆ? ಆಸ್ಟ್ರೇಲಿಯಾದ ಬೊಟಾನಿಕ್ಸ್ ಕಂಪನಿ ಆ ಪರೀಕ್ಷೆಗೂ ಇಳಿಯಿತು. 368 ಮಂದಿ, 12 ವಾರ. ಕೆಲವರಿಗೆ ಸಿಬಿಡಿ ಇರುವ ಲೇಪ, ಕೆಲವರಿಗೆ ಸಿಬಿಡಿ ಇಲ್ಲದ ಬರೀ ಲೇಪ. 2019ರ ಅಕ್ಟೋಬರ್‌ನಲ್ಲಿ ಫಲಿತಾಂಶ ಬಂತು. ಸಿಬಿಡಿ ಹಚ್ಚಿದವರ ಕೆಂಪು ಮೊಡವೆಗಳು ಸುಮಾರು ಶೇ 40ರಷ್ಟು ಇಳಿದಿದ್ದವು. ಖಾಲಿ ಲೇಪ ಹಚ್ಚಿದವರದೂ ಹೆಚ್ಚುಕಡಿಮೆ ಅಷ್ಟೇ!

ಇದರಲ್ಲಿ ಮಾಟವೇನೂ ಇಲ್ಲ. ಮೊಡವೆ ತಾನಾಗಿ ಏರಿ ಇಳಿಯುವ ಬಾಧೆ, ಜನ ಪರೀಕ್ಷೆಗೆ ಹೆಸರು ಕೊಡುವುದು ಅದು ಏರಿದಾಗಲೇ. ಮೇಲಾಗಿ ದಿನವೂ ತಪ್ಪದೆ ಮುಖ ತೊಳೆದು ಲೇಪ ಹಚ್ಚುವ ಶಿಸ್ತಿಗೂ ಒಂದಿಷ್ಟು ಗುಣವಿದೆ. ನನ್ನ ಮಟ್ಟಿಗೆ ಸಿಬಿಡಿಯ ಕಥೆಯಲ್ಲಿ ಎಲ್ಲಕ್ಕಿಂತ ಬೆಲೆಬಾಳುವ ಪಾತ್ರ ಆ ಖಾಲಿ ಲೇಪದ್ದೇ. ಅದು ಇಲ್ಲದಿದ್ದರೆ ಶೇ 40 ಎಂಬ ಅಂಕಿ ಜಾಹೀರಾತಿನಲ್ಲಿ ದೊಡ್ಡಕ್ಷರದಲ್ಲಿ ಮೆರೆಯುತ್ತಿತ್ತು.

ಮಾರುಕಟ್ಟೆಗೆ ಇಷ್ಟೆಲ್ಲ ಕಾಯುವ ವ್ಯವಧಾನ ಎಲ್ಲಿ? 2018ರ ಡಿಸೆಂಬರ್‌ನಲ್ಲಿ ಅಮೆರಿಕ ಶೇ 0.3ಕ್ಕಿಂತ ಹೆಚ್ಚು ಟಿಎಚ್‌ಸಿ ಇಲ್ಲದ ಗಾಂಜಾ ಗಿಡದ, ಅಂದರೆ ಹೆಂಪ್‌ನ, ಬೆಳೆಗೆ ಅನುಮತಿ ಕೊಟ್ಟಿತು. ಸೀರಮ್ಮು, ಶಾಂಪೂ, ಲಿಪ್‌ಬಾಮು ಎಲ್ಲದರಲ್ಲೂ ಸಿಬಿಡಿ ಕಾಣಿಸಿಕೊಂಡಿತು. ಜಾನ್ಸ್ ಹಾಪ್ಕಿನ್ಸ್ ಸಂಶೋಧಕರು ಮೈಗೆ ಹಚ್ಚುವ 105 ಉತ್ಪನ್ನಗಳನ್ನು ಕೊಂಡು ತಂದು ಪರೀಕ್ಷಿಸಿ, 2022ರಲ್ಲಿ ವರದಿ ಕೊಟ್ಟರು. ಸಿಬಿಡಿ ಪ್ರಮಾಣ ಬರೆದಿದ್ದವುಗಳಲ್ಲಿ ಲೇಬಲ್ಲಿಗೆ ಸರಿಹೊಂದಿದ್ದು ಶೇ 24 ಮಾತ್ರ. ಶೇ 18ರಲ್ಲಿ ಬರೆದದ್ದಕ್ಕಿಂತ ಕಡಿಮೆ, ಶೇ 58ರಲ್ಲಿ ಹೆಚ್ಚು. (ತೂಕಕ್ಕಿಂತ ಹೆಚ್ಚು ಸುರಿಯುವ ಅಂಗಡಿಯವನನ್ನೂ ಸ್ವಲ್ಪ ಅನುಮಾನದಿಂದಲೇ ನೋಡಬೇಕು.) 37 ಉತ್ಪನ್ನಗಳಲ್ಲಿ ಟಿಎಚ್‌ಸಿಯೂ ಸಿಕ್ಕಿತು.

ನಮ್ಮಲ್ಲಿ ಲೆಕ್ಕ ಬೇರೆ. 1985ರ ಮಾದಕವಸ್ತು ಕಾಯ್ದೆ ಗಾಂಜಾದ ಹೂತುದಿ, ಅಂಟುಗಳನ್ನು ನಿರ್ಬಂಧಿಸುತ್ತದೆ. ಹೂತುದಿ ಬೆರೆಯದ ಬೀಜ, ಎಲೆಗಳನ್ನು ಬಿಟ್ಟಿದೆ. ಹಾಗಾಗಿ ಹೆಂಪ್ ಹೆಸರಿನ ಶಾಂಪೂ, ಕ್ರೀಮುಗಳಲ್ಲಿ ಸಾಮಾನ್ಯವಾಗಿ ಇರುವುದು ಬೀಜದ ಎಣ್ಣೆ. ಚರ್ಮಕ್ಕೆ ಒಳ್ಳೆಯ ಎಣ್ಣೆಯೇ, ಲಿನೋಲಿಕ್ ಆಮ್ಲ ಧಾರಾಳ. ಸಿಬಿಡಿ ಮಾತ್ರ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಡಬ್ಬಿಯ ಹಿಂದೆ ‘ಕ್ಯಾನಬಿಸ್ ಸಟೈವಾ ಸೀಡ್ ಆಯಿಲ್’ ಎಂದಷ್ಟೇ ಇದ್ದರೆ, ಡೆಬ್ರೆಟ್ಸೆನ್‌ನ ಪ್ರಯೋಗಕ್ಕೂ ಆ ಕ್ರೀಮಿಗೂ ಸಂಬಂಧವಿಲ್ಲ.