ಐ7 ಎಂದರೆ ಐ5ಗಿಂತ ಫಾಸ್ಟ್: ಈ ಲೆಕ್ಕ ಎಲ್ಲಿ ತಪ್ಪುತ್ತದೆ?

ಸಿಇಟಿ ಸೀಟು ಹಂಚಿಕೆ ಮುಗಿಯುತ್ತಿದ್ದಂತೆ ರಾಜಾಜಿನಗರದ ಮನೆಗಳಲ್ಲಿ ಲ್ಯಾಪ್‌ಟಾಪ್ ಚರ್ಚೆ ಶುರುವಾಗುತ್ತದೆ. ಮೊದಲು ಡಾ. ರಾಜ್‌ಕುಮಾರ್ ರಸ್ತೆಯ ಮಳಿಗೆಗಳಲ್ಲಿ ಬೆಲೆ ವಿಚಾರಣೆ. ಆಮೇಲೆ ಹಸಿರು ಮಾರ್ಗದ ಮೆಟ್ರೊ ಹತ್ತಿ ಚಿಕ್ಕಪೇಟೆಯಲ್ಲಿ ಇಳಿದು ಎಸ್‌.ಪಿ. ರಸ್ತೆಯತ್ತ ನಡಿಗೆ. ಅಪ್ಪ, ಮಗಳು, ಜೊತೆಗೆ ಬಂದ ‘ಕಂಪ್ಯೂಟರ್ ಗೊತ್ತಿರುವ’ ಸೋದರಮಾವ, ಮೂವರಿಗೂ ಒಂದು ವಿಷಯದಲ್ಲಿ ಸಂದೇಹವಿಲ್ಲ: ಐ5 ಬೇಡ, ಐ7 ಇದ್ದರೆ ನಾಲ್ಕು ವರ್ಷ ಚಿಂತೆಯಿಲ್ಲ.

ಚಿಂತೆ ಇರಬೇಕಾದದ್ದು ಅಲ್ಲೇ. ಇಂಟೆಲ್ 2016ರಲ್ಲಿ ತಂದ ಕೋರ್ ಐ7-7500ಯು ಚಿಪ್‌ನಲ್ಲಿ ಇದ್ದದ್ದು ಎರಡೇ ಕೋರ್. ಮರುವರ್ಷ ಬಂದ ಐ5-8250ಯುನಲ್ಲಿ ನಾಲ್ಕು. ಎರಡಕ್ಕೂ ನಿಗದಿಯಾದ ವಿದ್ಯುತ್ ಮಿತಿ 15 ವ್ಯಾಟ್. ವಿಡಿಯೊ ಪರಿವರ್ತನೆಯಂಥ, ಎಲ್ಲ ಕೋರ್‌ಗಳನ್ನೂ ದುಡಿಸುವ ಕೆಲಸದಲ್ಲಿ ಈ ಐ5 ಆ ಐ7ನ್ನು ಸಲೀಸಾಗಿ ಹಿಂದೆ ಹಾಕುತ್ತದೆ. ಐ5, ಐ7 ಎಂಬುದು ಒಂದು ಪೀಳಿಗೆಯೊಳಗಿನ ದರ್ಜೆ, ಅಷ್ಟೆ. ಪೀಳಿಗೆಯನ್ನು ಹೇಳುವುದು ಅದರ ಮುಂದಿನ ಸಂಖ್ಯೆ: 7500ರಲ್ಲಿ ಏಳನೆಯದು, 8250ರಲ್ಲಿ ಎಂಟನೆಯದು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹೊಳೆಯುವುದು ಮಾತ್ರ ದರ್ಜೆಯೇ. ಹಳೆಯ ದಾಸ್ತಾನು ಖಾಲಿ ಮಾಡಬೇಕಾದ ವ್ಯಾಪಾರಿಗೆ ಇದರಿಂದ ನಷ್ಟವೇನಿಲ್ಲ.

‘ಗಿಗಾಹರ್ಟ್ಸ್ ಎಷ್ಟು?’ ಎಂಬ ಪ್ರಶ್ನೆ ಇನ್ನೂ ಹಳೆಯದು. 2000ದ ನವೆಂಬರ್‌ನಲ್ಲಿ 1.5 ಗಿಗಾಹರ್ಟ್ಸ್‌ನ ಪೆಂಟಿಯಂ 4 ಬಂದಾಗ, ಕೆಲವು ಪರೀಕ್ಷೆಗಳಲ್ಲಿ ಅದು 1 ಗಿಗಾಹರ್ಟ್ಸ್‌ನ ಪೆಂಟಿಯಂ 3ಕ್ಕೆ ಸೋತಿತು. ಗಡಿಯಾರದ ಬಡಿತ ಹೆಚ್ಚಿಸಲೆಂದು ಪ್ರತಿ ಆದೇಶವನ್ನೂ 20 ಹಂತಗಳಾಗಿ ಸೀಳಿದ್ದರು; ಹೀಗಾಗಿ ಒಂದೊಂದು ಬಡಿತಕ್ಕೆ ಮುಗಿಯುವ ಕೆಲಸ ಕಡಿಮೆಯಾಯಿತು. ಇಂಟೆಲ್‌ನ ಪ್ರತಿಸ್ಪರ್ಧಿ ಎಎಂಡಿ 2001ರಲ್ಲಿ 1.53 ಗಿಗಾಹರ್ಟ್ಸ್‌ನ ತನ್ನ ಅಥ್ಲಾನ್ ಎಕ್ಸ್‌ಪಿಗೆ ‘1800+’ ಎಂದು ಹೆಸರಿಟ್ಟಿದ್ದೇ ಜನ ಗಿಗಾಹರ್ಟ್ಸ್ ನೋಡಿ ಕೊಳ್ಳುತ್ತಾರೆಂಬ ಭಯಕ್ಕೆ. ಪೆಂಟಿಯಂ 4ನ್ನು 4 ಗಿಗಾಹರ್ಟ್ಸ್‌ಗೆ ಒಯ್ಯುವ ಯೋಜನೆಯನ್ನು 2004ರಲ್ಲಿ ಇಂಟೆಲ್ ತಾನೇ ಕೈಬಿಟ್ಟಿತು.

ಹಾಗಾದರೆ ಕೋರ್ ಎಣಿಸಿದರೆ ಸಾಕೇ? ಇದಕ್ಕೆ ಉತ್ತರ ಬೆಂಗಳೂರಲ್ಲೇ ಇದೆ. 2008ರ ಸೆಪ್ಟೆಂಬರ್‌ನಲ್ಲಿ ಬಿಡುಗಡೆಯಾದ ಇಂಟೆಲ್‌ನ ಜಿಯಾನ್ 7400 ಸರಣಿಯ ವಿನ್ಯಾಸ ನಡೆದದ್ದು ಈ ಊರಿನ ಕೇಂದ್ರದಲ್ಲಿ; ಒಳಗಿನ ಸಂಕೇತನಾಮ ‘ಡನಿಂಗ್ಟನ್’. ಒಂದು ಚಿಪ್‌ನಲ್ಲಿ ಆರು ಕೋರ್, 190 ಕೋಟಿ ಟ್ರಾನ್ಸಿಸ್ಟರ್. ಹೆಮ್ಮೆಪಡಬೇಕಾದ ಕೆಲಸವೇ. ಆದರೆ ಅದು ಕೂತದ್ದು ಹಳೆಯ ವ್ಯವಸ್ಥೆಯ ಮೇಲೆ: ಮೆಮೊರಿಯಿಂದ ಏನು ಬೇಕಿದ್ದರೂ ಆರೂ ಕೋರ್ ಒಂದೇ ಬಸ್ ಮೂಲಕ ಹೊರಗಿನ ಚಿಪ್‌ಸೆಟ್ಟಿಗೆ ಹೋಗಬೇಕು. ಸಂಜೆ ನವರಂಗ್ ಸರ್ಕಲ್ಲಿನಲ್ಲಿ ನಿಂತವರಿಗೆ ಮುಂದಿನದನ್ನು ವಿವರಿಸಬೇಕಿಲ್ಲ. ಚಿಪ್ ಒಳಗೇ ದೊಡ್ಡ ಕ್ಯಾಶ್ ಇಟ್ಟು ಈ ತೊಂದರೆಯನ್ನು ವಿನ್ಯಾಸಕಾರರು ಸಾಕಷ್ಟು ತಗ್ಗಿಸಿದ್ದರು. ಆದರೂ 2009ರ ಮಾರ್ಚ್‌ನಲ್ಲಿ ಬಂದ ಜಿಯಾನ್ 5500ರಲ್ಲಿ ಮೆಮೊರಿ ನಿಯಂತ್ರಕ ಪ್ರೊಸೆಸರ್ ಒಳಗೇ ಸೇರಿತ್ತು. ಆ ಚಿಪ್‌ನಲ್ಲಿ ಇದ್ದದ್ದು ನಾಲ್ಕೇ ಕೋರ್. ಮೆಮೊರಿಯನ್ನು ಸತತವಾಗಿ ಜಗ್ಗುವ ಕೆಲಸಗಳಲ್ಲಿ ಮೇಲುಗೈ ಅದರದೇ.

ಕೋರ್ ಎಂದರೆ ಯಾವುದು ಎಂಬುದೂ ಕೋರ್ಟ್ ಹತ್ತಿದೆ. ಎಎಂಡಿಯ 2011ರ ಎಫ್‌ಎಕ್ಸ್-8150 ‘ಎಂಟು ಕೋರ್’ ಎಂದು ಮಾರಾಟವಾಯಿತು. ಅದರಲ್ಲಿ ಎರಡೆರಡು ಕೋರ್‌ಗಳಿಗೆ ದಶಮಾಂಶ ಲೆಕ್ಕದ ಒಂದೇ ಘಟಕ. ಅಮೆರಿಕದಲ್ಲಿ ಗ್ರಾಹಕರು ದಾವೆ ಹೂಡಿದರು. ಎಎಂಡಿ 2019ರಲ್ಲಿ 1.21 ಕೋಟಿ ಡಾಲರ್‌ಗೆ ರಾಜಿ ಮಾಡಿಕೊಂಡಿತು. ಕೋರ್‌ಗಳು ಅಪ್ಪಟವಾಗಿದ್ದರೂ ಇನ್ನೊಂದು ಮಿತಿ ಇದ್ದೇ ಇದೆ. ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲೇ ತೋರಿಸಿದಂತೆ, ಒಂದು ಕೆಲಸದ ಅರ್ಧವನ್ನು ಹಂಚಲು ಬಾರದಿದ್ದರೆ ನೂರು ಕೋರ್ ಹಚ್ಚಿದರೂ ವೇಗ ದುಪ್ಪಟ್ಟು ದಾಟದು.

ನ್ಯಾನೊಮೀಟರ್ ಬಗ್ಗೆ ಒಂದೇ ಮಾತು ಸಾಕು. 2021ರಲ್ಲಿ ಇಂಟೆಲ್ ತನ್ನ 10 ನ್ಯಾನೊಮೀಟರ್ ಚಿಪ್ ತಯಾರಿಕಾ ತಂತ್ರಜ್ಞಾನದ ಸುಧಾರಿತ ರೂಪಕ್ಕೆ ‘ಇಂಟೆಲ್ 7’ ಎಂದು ಹೆಸರು ಬದಲಿಸಿತು. ಅದು ಅಳತೆಯಲ್ಲ, ಬ್ರ್ಯಾಂಡು.

ಕೊನೆಗೆ ಉಳಿಯುವುದು ಬೆಂಚ್‌ಮಾರ್ಕ್ ಅಂಕ. ಅದನ್ನೂ ಬಿಡಿಸಿ ನೋಡಬೇಕು. 1988ರಲ್ಲಿ ಹುಟ್ಟಿದ ಸ್ಪೆಕ್ ಸಂಸ್ಥೆ ಕಂಪೈಲರ್, ಹವಾಮಾನ ಮಾದರಿ, ವಿಡಿಯೊ ಸಂಕೋಚನದಂಥ ನಿಜವಾದ ಪ್ರೋಗ್ರಾಮುಗಳನ್ನೇ ಓಡಿಸುತ್ತದೆ. ಆದರೂ ಅದರ 2017ರ ಪರೀಕ್ಷಾಮಾಲೆ ಒಂದೇ ಅಂಕ ಕೊಡುವುದಿಲ್ಲ. ಒಂದು ಕೆಲಸ ಎಷ್ಟು ಬೇಗ ಮುಗಿಯಿತು ಎಂಬುದಕ್ಕೆ ಒಂದು, ಇಂತಿಷ್ಟು ಹೊತ್ತಿನಲ್ಲಿ ಎಷ್ಟು ಕೆಲಸ ಮುಗಿದವು ಎಂಬುದಕ್ಕೆ ಇನ್ನೊಂದು. ಮೊದಲನೆಯದರಲ್ಲಿ ಗೆದ್ದ ಚಿಪ್ ಎರಡನೆಯದರಲ್ಲೂ ಗೆಲ್ಲಲೇಬೇಕೆಂದಿಲ್ಲ.

ಇಷ್ಟಾದರೂ ಒಂದೇ ಚಿಪ್ ಎರಡು ಲ್ಯಾಪ್‌ಟಾಪ್‌ಗಳಲ್ಲಿ ಎರಡು ರೀತಿ ಓಡಬಲ್ಲದು. ಮೇಲೆ ಹೇಳಿದ ಐ5-8250ಯುವನ್ನು ತಯಾರಕರು 10 ವ್ಯಾಟ್‌ಗೆ ಇಳಿಸಬಹುದು, 25ಕ್ಕೆ ಏರಿಸಲೂಬಹುದು. ಫ್ಯಾನ್ ಸಣ್ಣದಿದ್ದ ತೆಳು ಯಂತ್ರ ಮೊದಲ ಕೆಲವು ನಿಮಿಷ ಜೋರಾಗಿ ಓಡಿ, ಬಿಸಿಯೇರಿದ ಮೇಲೆ ಕುಗ್ಗುತ್ತದೆ. ಅರ್ಧ ಗಂಟೆಯ ಪರೀಕ್ಷೆ ತೋರಿಸುವುದನ್ನು ಅರ್ಧ ನಿಮಿಷದ ಪರೀಕ್ಷೆ ಮುಚ್ಚಿಡುತ್ತದೆ. ಮತ್ತೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಘಟಕವೂ ಮುಖ್ಯ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಅಂಥದ್ದನ್ನು ಕೊಳ್ಳುವಾಗ 16 ಜಿಬಿ ಒಂದೇ ಸ್ಟಿಕ್ಕೋ, 8 ಜಿಬಿಯ ಎರಡೋ ಎಂದು ಅಂಗಡಿಯವರನ್ನು ಕೇಳಬೇಕು. ಎರಡಿದ್ದರೆ ಮೆಮೊರಿಗೆ ಎರಡು ಚಾನೆಲ್ ಸಿಗುತ್ತವೆ, ಗೇಮುಗಳು ಕಣ್ಣಿಗೆ ಕಾಣುವಷ್ಟು ಸರಾಗವಾಗಿ ಓಡುತ್ತವೆ.