ಕುಕ್ಕರ್ ಕೂಗು ಮತ್ತು ಬಣ್ಣ ಬದಲಿಸುವ ದ್ರಾವಣ



ಇಲ್ಲೇ ಕಾಂದಿವಲಿಯ ಠಾಕೂರ್ ಕಾಲೇಜಿನಲ್ಲಿ ಓದುವವರಿರಲಿ, ಚರ್ಚ್‌ಗೇಟ್ ಲೋಕಲ್ ಹಿಡಿದು ದೂರದ ಕಾಲೇಜಿಗೆ ಹೋಗುವವರಿರಲಿ, ನಿಮ್ಮಲ್ಲಿ ಹಲವರು ರಸಾಯನಶಾಸ್ತ್ರದ ಪ್ರಾಕ್ಟಿಕಲ್ ಮಾಡಿದವರೇ. ದ್ರಾವಣದ ಬಣ್ಣ ಒಮ್ಮೆ ಬದಲಾದರೆ ಕೆಲಸ ಮುಗಿಯಿತು ಎಂದು ನಾವು ತಿಳಿದಿರುತ್ತೇವೆ. ಆದರೆ ಬಣ್ಣ ಹೋಗಿ, ಮತ್ತೆ ಬಂದು, ಮತ್ತೆ ಹೋಗುತ್ತಿದ್ದರೆ? ಇಂಥವಕ್ಕೆ ಆಂದೋಲನ ಕ್ರಿಯೆಗಳೆಂದು ಹೆಸರು.

1951ರಲ್ಲಿ ಸೋವಿಯತ್ ವಿಜ್ಞಾನಿ ಬೋರಿಸ್ ಬೆಲೊಸೊವ್ ಇದನ್ನು ಕಣ್ಣಾರೆ ಕಂಡರು. ಸಿಟ್ರಿಕ್ ಆಮ್ಲ, ಬ್ರೋಮೇಟ್, ಸೀರಿಯಂ ಲವಣ ಬೆರೆಸಿದ ಅವರ ದ್ರಾವಣ ಹಳದಿಯಾಗಿ, ಬಣ್ಣ ಕಳೆದುಕೊಂಡು, ಪುನಃ ಹಳದಿಯಾಗುತ್ತಿತ್ತು. ಲೇಖನ ಕಳಿಸಿದರೆ, ಹೀಗಾಗುವುದು ಅಸಾಧ್ಯವೆಂದು ಸಂಪಾದಕರು ಹಿಂದಿರುಗಿಸಿದರು. ಆರಿದ ಹಾಲು ತಾನಾಗಿ ಮತ್ತೆ ಬಿಸಿಯಾಗದು. ಹಾಗೆಯೇ ಮುಂದೆ ಸಾಗಿದ ಕ್ರಿಯೆ ಹಿಂದಕ್ಕೆ ಬಾರದು ಎಂಬುದು ಅಂದಿನ ತರ್ಕ.

ನಮ್ಮ ಅಡುಗೆಮನೆಯ ಕುಕ್ಕರನ್ನೇ ನೋಡಿ. ಗ್ಯಾಸ್ ಒಂದೇ ಸಮನೆ ಉರಿಯುತ್ತದೆ, ಉರಿದದ್ದು ಹಿಂದಿರುಗುವುದಿಲ್ಲ. ಆದರೂ ಕುಕ್ಕರ್ ಬಿಟ್ಟು ಬಿಟ್ಟು ಕೂಗುತ್ತದೆ. ಹಬೆ ತುಂಬುತ್ತದೆ, ಹೊರಹೋಗುತ್ತದೆ, ಮತ್ತೆ ತುಂಬುತ್ತದೆ. ದ್ರಾವಣದಲ್ಲೂ ಬ್ರೋಮೇಟ್ ಮತ್ತು ಸಿಟ್ರಿಕ್ ಆಮ್ಲ ಇಂಧನದಂತೆ ಖರ್ಚಾಗುತ್ತಲೇ ಹೋಗುತ್ತವೆ. ಏರಿಳಿಯುವುದು ನಡುವಿನ ಪದಾರ್ಥಗಳು ಮಾತ್ರ. ಇಂಧನ ತೀರಿದಾಗ ಆಟ ನಿಲ್ಲುತ್ತದೆ. ಪ್ರಕೃತಿಯ ನಿಯಮವೇನೂ ಮುರಿಯಲಿಲ್ಲ.

1961ರಲ್ಲಿ ಈ ಕೆಲಸವನ್ನು ಕೈಗೆತ್ತಿಕೊಂಡವರು ಅನಾತೊಲಿ ಜಬೊಟಿನ್ಸ್ಕಿ ಎಂಬ ಸಂಶೋಧನಾ ವಿದ್ಯಾರ್ಥಿ. ಅಮೆರಿಕದ ಆರೆಗಾನ್‌ನಲ್ಲಿ ಫೀಲ್ಡ್, ಕೊರೊಶ್, ನೋಯ್ಸ್ ಅವರು 1972ರಲ್ಲಿ ಕ್ರಿಯೆಯ ಹಂತಗಳನ್ನು ಬಿಡಿಸಿಟ್ಟರು. 1974ರಲ್ಲಿ ಫೀಲ್ಡ್ ಮತ್ತು ನೋಯ್ಸ್ ಅದನ್ನು ಮೂರೇ ಪದಾರ್ಥಗಳ ಲೆಕ್ಕಕ್ಕೆ ಇಳಿಸಿದರು. ಬ್ರೋಮಸ್ ಆಮ್ಲ ಹೆಪ್ಪಿನಂತೆ, ಇದ್ದಷ್ಟೂ ತನ್ನನ್ನು ಹೆಚ್ಚಿಸಿಕೊಳ್ಳುತ್ತದೆ. ಬ್ರೋಮೈಡ್ ಅದಕ್ಕೆ ಬ್ರೇಕು. ಬ್ರೇಕು ಸವೆದಾಗ ಆಮ್ಲ ಒಮ್ಮೆಲೇ ಏರಿ ಸೀರಿಯಂ ಹಳದಿಯಾಗುತ್ತದೆ. ಆ ಸೀರಿಯಂನಿಂದಲೇ ಹೊಸ ಬ್ರೋಮೈಡ್ ಹುಟ್ಟಿ ಮತ್ತೆ ಬ್ರೇಕು ಬೀಳುತ್ತದೆ.

ಜೀವಿಗಳಲ್ಲೂ ಇಂಥ ತಾಳವಿದೆ. ಮಣ್ಣಿನಲ್ಲಿರುವ ಒಂದು ಜಾತಿಯ ಅಮೀಬಾ ಹಸಿದಾಗ ಕೆಲವು ನಿಮಿಷಗಳಿಗೊಮ್ಮೆ ರಾಸಾಯನಿಕ ಸಂಕೇತ ಬಿಟ್ಟು ತನ್ನವರನ್ನು ಗುಂಪುಗೂಡಿಸುತ್ತದೆ. ಈ ಗುಂಪುಗೂಡುವಿಕೆಯ ಗಣಿತವನ್ನು 1973ರಲ್ಲೇ ಬರೆದವರು ವಿದ್ಯಾನಂದ ನಂಜುಂಡಯ್ಯ. ಮುಂದೆ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾದರು.

ಬ್ರೋಮೇಟ್ ವಿಷಕಾರಿ, ಆ ಪ್ರಯೋಗ ಪ್ರಾಧ್ಯಾಪಕರ ಎದುರಿಗೇ ಆಗಲಿ. ಮೂರು ಸಮೀಕರಣಗಳ ಲೆಕ್ಕವನ್ನಾದರೋ ಮನೆಯ ಕಂಪ್ಯೂಟರಿನಲ್ಲೇ ಮಾಡಿ ನೋಡಬಹುದು.

ಬೆಲೊಸೊವ್ ಅವರ ಕಥೆ ಏನಾಯಿತು? ಎರಡನೆಯ ಸಲವೂ ತಿರಸ್ಕಾರ. ಕೊನೆಗೆ 1959ರಲ್ಲಿ ಯಾರೂ ಗಮನಿಸದ ಒಂದು ಸಂಕಲನದಲ್ಲಿ ಪುಟ್ಟ ಟಿಪ್ಪಣಿ ಅಚ್ಚಾಯಿತು. 1970ರಲ್ಲಿ ಅವರು ತೀರಿಕೊಂಡರು. ಲೆನಿನ್ ಪ್ರಶಸ್ತಿ ಬಂದದ್ದು 1980ರಲ್ಲಿ.

ಆದ್ದರಿಂದ ಮಕ್ಕಳೇ, ನಿಮ್ಮ ರೀಡಿಂಗ್ ಪುಸ್ತಕಕ್ಕೆ ಹೊಂದದಿದ್ದರೆ ಗೆಳೆಯರ ಜರ್ನಲ್ ನೋಡಿ ತಿದ್ದಬೇಡಿ. ಇನ್ನೆರಡು ಸಲ ಮಾಡಿ ನೋಡಿ. ತಪ್ಪು ನಿಮ್ಮದಾಗಿದ್ದರೆ ತಿಳಿಯುತ್ತದೆ. ಆಗಿರದಿದ್ದರೆ ಕಂಡದ್ದನ್ನು ಕಂಡಂತೆಯೇ ಬರೆದು, ಧೈರ್ಯವಾಗಿ ಗುರುಗಳ ಮುಂದಿಡಿ.